ಊರಿನ ಆರೋಗ್ಯ ಯಾರ ಹೊಣೆ?

ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋದವರು ಸಂಪಿಗೆ ರಸ್ತೆಯನ್ನು ನೋಡದೆ ಬರುವುದಿಲ್ಲ. ಹೂವು, ಹಣ್ಣು, ಬಟ್ಟೆಯಂಗಡಿ, ತಿಂಡಿಯ ಹೋಟೆಲು. ದಕ್ಷಿಣದ ತುದಿಯಲ್ಲಿ ದೊಡ್ಡ ಮಾಲ್ ಮತ್ತು ಮೆಟ್ರೋ ನಿಲ್ದಾಣ. ಈ ರಸ್ತೆಗೆ ಸಂಪಿಗೆ ಮರದ ಹೆಸರು, ಪಕ್ಕದ ಮಾರ್ಗೋಸಾ ರಸ್ತೆಗೆ ಬೇವಿನ ಮರದ ಹೆಸರು. ಆದರೆ ಅಂಗಡಿ ಸಾಲು ಬಿಟ್ಟು ಅಡ್ಡರಸ್ತೆಗಳೊಳಗೆ ಹೋಗಿ ಹಳೆಯ ಮನೆಗಳ ಹಿತ್ತಿಲ ಕಡೆ ನೋಡಿದರೆ ಕೆಲವೆಡೆ ಈಗಲೂ ಒಂದು ಕಿರಿದಾದ ಓಣಿ ಕಾಣುತ್ತದೆ. ಎರಡು ಸಾಲು ಮನೆಗಳ ಬೆನ್ನ ನಡುವೆ ಹಾದುಹೋಗುವ ಇದಕ್ಕೆ ಕನ್ಸರ್ವೆನ್ಸಿ ಓಣಿ ಎಂದು ಹೆಸರು. ಹಲವೆಡೆ ಅದು ಒತ್ತುವರಿಯಾಗಿದೆ, ಕೆಲವೆಡೆ ಕಸ ತುಂಬಿದೆ. ಅಂಗಡಿಗಳಿಗಿಂತ ಈ ಓಣಿಯೇ ನಮಗೆ ಹೆಚ್ಚಿನ ಪಾಠ ಹೇಳುತ್ತದೆ. ಏಕೆಂದರೆ ಅದು ಒಂದು ಮಹಾಮಾರಿಯ ಗುರುತು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ರೋಗವು ರೈಲಿನ ದಾರಿ ಹಿಡಿದು ಹುಬ್ಬಳ್ಳಿಗೂ, ಅಲ್ಲಿಂದ ಇಲ್ಲಿಗೂ ತಲುಪಿತ್ತು. ಹಳೆಯ ಪೇಟೆಯ ಕೇರಿಗಳು ಬಹಳ ಇಕ್ಕಟ್ಟಾಗಿದ್ದವು. ಎಷ್ಟೋ ಕಡೆ ಮನೆಯೂ ಧಾನ್ಯದ ಮಳಿಗೆಯೂ ಒಂದೇ ಸೂರಿನಡಿ ಇದ್ದವು. ಮೈಸೂರು ಸಂಸ್ಥಾನವು ಪ್ಲೇಗ್ ಕಮಿಷನರ್ ಹುದ್ದೆಗೆ ವಿ.ಪಿ. ಮಾಧವರಾಯರನ್ನು ನೇಮಿಸಿತು. 1906ರಲ್ಲಿ ದಿವಾನರಾದವರು ಇವರೇ. ರೋಗಿಗಳ ಶಿಬಿರಗಳಲ್ಲಿ ದುಡಿದ ವೈದ್ಯರಲ್ಲಿ ಡಾ. ಪಲ್ಪು ಒಬ್ಬರು. ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿದ ಅವರಿಗೆ ತಮ್ಮ ಸ್ವಂತ ನಾಡಾದ ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಸರಕಾರಿ ಕೆಲಸ ಸಿಕ್ಕಿರಲಿಲ್ಲ. ಒಂದು ಸಂಸ್ಥಾನ ಹುಟ್ಟು ನೋಡಿ ಹೊರಗಿಟ್ಟ ವಿದ್ಯೆ ಇನ್ನೊಂದು ಸಂಸ್ಥಾನದ ಜನರ ಪ್ರಾಣ ಉಳಿಸಲು ನಿಂತಿತು.

ವೈದ್ಯರ ಜೊತೆಗೆ ಇಂಜಿನಿಯರರೂ ಸೇರಿದರು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳ ಆಲೋಚನೆ ಮೊದಲೇ ಇತ್ತು. ಪ್ಲೇಗ್ ಅದಕ್ಕೆ ಅವಸರ ತಂದಿತು. ನೇರವಾದ ಅಗಲ ರಸ್ತೆಗಳು, ಒಂದಕ್ಕೊಂದು ಅಂಟಿಕೊಳ್ಳದ ಮನೆಗಳು, ಸುತ್ತ ಬಯಲು, ಬೆನ್ನಿಗೆ ಕೊಳೆ ಸಾಗಿಸಲು ಓಣಿ. ಮನೆಯ ನಕ್ಷೆಯೂ ಒಂದು ಔಷಧ ಎಂಬುದನ್ನು ಆಗ ಕಂಡುಕೊಂಡರು. ಪ್ಲೇಗ್ ಕೆಲಸವನ್ನು ಹೊಂದಿಸಲು ನಗರದಲ್ಲಿ ದೂರವಾಣಿ ತಂತಿ ಎಳೆದರು. ಹಾಫ್ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತನ್ನ ಮೈಗೇ ಮೊದಲು ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯೂ ಇತ್ತು.

ಇಷ್ಟೆಲ್ಲ ಇದ್ದರೂ ಎರಡು ಜ್ಞಾನಗಳು ಆ ಸಭೆಯಲ್ಲಿ ಇರಲಿಲ್ಲ.

ಒಂದು, ಇಲಿಯ ವಿಷಯ. ರೋಗಾಣುವನ್ನು ಯೆರ್ಸಿನ್ ಎಂಬವರು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಆದರೆ ಅದು ಇಲಿಯ ಮೈಯ ಚಿಗಟದಿಂದ ಮನುಷ್ಯನಿಗೆ ಹರಡುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ, ಅಂದರೆ ಬೆಂಗಳೂರು ನರಳುತ್ತಿದ್ದ ಅದೇ ವರ್ಷದಲ್ಲಿ. ತಜ್ಞರು ಅದನ್ನು ನಂಬಲು ಇನ್ನೂ ಹತ್ತು ವರ್ಷ ಹಿಡಿಯಿತು. ಇತ್ತ ನಮ್ಮ ಹಳ್ಳಿಗಳ ಸಾಮಾನ್ಯ ಜನ ಮನೆಯಲ್ಲಿ ಇಲಿ ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅಡುಗೆ ಮನೆಯ ಮೂಲೆಯಲ್ಲಿ ಸತ್ತ ಇಲಿಯನ್ನು ಮೊದಲು ಕಂಡವಳು ಮನೆಯ ಹೆಂಗಸು. ಅವಳನ್ನು ಯಾರು ಕೇಳಿದರು?

ಎರಡನೆಯದು, ಜನರ ಮನಸ್ಸಿನ ವಿಷಯ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರಕಾರಕ್ಕೆ ಬಹಳ ಅಧಿಕಾರ ಕೊಟ್ಟಿತ್ತು. ಬ್ರಿಟಿಷ್ ಪ್ರಾಂತಗಳಲ್ಲಿ ಸಿಪಾಯಿಗಳು ಮನೆಗೆ ನುಗ್ಗಿ ಹುಡುಕಿದರು. ರೈಲು ನಿಲ್ದಾಣಗಳಲ್ಲಿ ಗೋಷಾ ಪಾಲಿಸುವ ಸ್ತ್ರೀಯರ ತಪಾಸಣೆಯನ್ನೂ ಪರಪುರುಷರು ಮಾಡಲು ಹೊರಟರು. ಇದರ ಸಿಟ್ಟು 1897ರಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರಾಂಡ್‌ನ ಕೊಲೆಯವರೆಗೆ ಹೋಯಿತು. ನಮ್ಮಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯಾಯಿತು. ಜನ ರೋಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರೆ ಅದನ್ನು ಬರೀ ಅಜ್ಞಾನವೆಂದು ಕರೆಯುವುದು ಸುಲಭ. ಮಾನಕ್ಕೆ ಹೆದರಿದವನು ರೋಗಕ್ಕಿಂತ ವೈದ್ಯನಿಗೇ ಹೆಚ್ಚು ಹೆದರುತ್ತಾನೆ ಎಂಬುದು ಔಷಧಶಾಸ್ತ್ರದ ಪುಸ್ತಕದಲ್ಲಿ ಇರುವುದಿಲ್ಲ. ಅದು ಕೇರಿಯ ಹಿರಿಯರಿಗೆ, ಇಮಾಮರಿಗೆ, ಸೂಲಗಿತ್ತಿಗೆ ತಿಳಿದ ವಿಷಯ.

ಸರ್ಗ್‌ನಲ್ಲಿ ನಡೆದ ಸಮಾಲೋಚನೆ

ಇಲ್ಲಿ ನಮಗೆ ನೆನಪಾಗಬೇಕಾದುದು ಹ. ಉಮರ್(ರ)ರ ಕಾಲದ ಒಂದು ಪ್ರಸಂಗ. ಸಹೀಹ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಹ. ಅಬ್ದುಲ್ಲಾ ಬಿನ್ ಅಬ್ಬಾಸ್(ರ)ರಿಂದ ಇದು ವರದಿಯಾಗಿದೆ. ಹಿಜರಿ 18ರ ಸುಮಾರಿಗೆ ಖಲೀಫರು ಮದೀನಾದಿಂದ ಸಿರಿಯಾದ ಕಡೆ ಹೊರಟಿದ್ದರು. ಹಿಜಾಝ್ ಮತ್ತು ಸಿರಿಯಾಗಳ ಗಡಿಯ ಬಳಿಯ ಸರ್ಗ್ ಎಂಬಲ್ಲಿಗೆ ತಲುಪಿದಾಗ ಹ. ಅಬೂ ಉಬೈದಃ(ರ) ಮತ್ತು ಇತರ ಸೇನಾನಾಯಕರು ಎದುರಾಗಿ, ಸಿರಿಯಾದಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿಸಿದರು.

ಉಮರ್(ರ) ಏನು ಮಾಡಿದರು? ತಾನು ಖಲೀಫ, ತನಗೆ ತಿಳಿಯದ್ದೇನಿದೆ ಎಂದುಕೊಳ್ಳಲಿಲ್ಲ. ಮೊದಲು ಮುಹಾಜಿರರನ್ನು ಕರೆಸಿದರು. ಅವರಲ್ಲಿ ಭಿನ್ನಾಭಿಪ್ರಾಯ ಮೂಡಿತು. ಹೊರಟ ಕೆಲಸ ಬಿಟ್ಟು ಮರಳಬಾರದೆಂದು ಕೆಲವರು, ಪ್ರವಾದಿ(ಸ)ರ ಸಂಗಾತಿಗಳನ್ನು ರೋಗದ ಬಾಯಿಗೆ ಒಡ್ಡಬಾರದೆಂದು ಇನ್ನು ಕೆಲವರು ಹೇಳಿದರು. ಅವರನ್ನು ಕಳುಹಿಸಿ ಅನ್ಸಾರರನ್ನು ಕರೆದರು. ಅಲ್ಲಿಯೂ ಅದೇ ಒಡಕು. ಬಳಿಕ ಕುರೈಶ್‌ನ ಹಿರಿಯರನ್ನು ಕರೆದರು. ಅವರಲ್ಲಿ ಇಬ್ಬರ ಮಾತೂ ಬೇರೆಯಾಗಲಿಲ್ಲ; ಮರಳಿಹೋಗೋಣ ಎಂದರು. ಉಮರ್(ರ) ಅದನ್ನೇ ತೀರ್ಮಾನಿಸಿದರು.

ಆಗ ಅಬೂ ಉಬೈದಃ(ರ) ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಪ್ರಶ್ನಿಸಿದರು. ಇದು ಅಲ್ಲಾಹನ ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯೆಡೆಗೆ ಹೋಗುವುದು ಎಂಬ ಅರ್ಥದ ಉತ್ತರವನ್ನು ಖಲೀಫರು ಕೊಟ್ಟರು. ಒಂಟೆಗಳನ್ನು ಮೇಯಿಸುವವನಿಗೆ ಕಣಿವೆಯ ಒಂದು ಬದಿ ಹಸಿರಾಗಿ ಇನ್ನೊಂದು ಬದಿ ಒಣಗಿದ್ದರೆ ಅವನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಉಪಮೆಯನ್ನೂ ಕೊಟ್ಟರು. ವಿಧಿಯ ಮೇಲಿನ ವಿಶ್ವಾಸವನ್ನು ಸೋಮಾರಿತನಕ್ಕೆ ಹೊದಿಕೆಯಾಗಿ ಬಳಸುವವರಿಗೆ ಈ ಒಂದು ಉಪಮೆ ಸಾಕು.

ಈ ಪ್ರಸಂಗದಲ್ಲಿ ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮುಂದಿನ ಭಾಗವೇ ನಮ್ಮ ವಿಷಯಕ್ಕೆ ಮುಖ್ಯ. ಯಾವುದೋ ಕೆಲಸಕ್ಕೆಂದು ಹೋಗಿ ಅಷ್ಟೂ ಹೊತ್ತು ಸಭೆಯಲ್ಲಿ ಇರದಿದ್ದ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆಗ ಬಂದರು. ಈ ವಿಷಯದಲ್ಲಿ ತನ್ನ ಬಳಿ ಜ್ಞಾನವಿದೆಯೆಂದರು. ರೋಗವಿರುವ ನಾಡಿಗೆ ಹೋಗಬಾರದು, ಇರುವ ನಾಡಿನಲ್ಲಿ ಅದು ಹಬ್ಬಿದರೆ ಅದರಿಂದ ತಪ್ಪಿಸಿಕೊಳ್ಳಲು ಓಡಿಹೋಗಬಾರದು ಎಂಬ ಪ್ರವಾದಿ(ಸ)ರ ಆದೇಶವನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮರಳಿದರು.

ಗಮನಿಸಿ: ಹಿರಿಯ ಸಹಾಬಿಗಳ ಮೂರು ಸಭೆ ನಡೆದಿದೆ. ಪ್ರವಾದಿ(ಸ)ರನ್ನು ಹತ್ತಿರದಿಂದ ಕಂಡವರೆಲ್ಲ ಅಲ್ಲಿದ್ದಾರೆ. ಆದರೂ ಬೇಕಾಗಿದ್ದ ಮಾತು ಅಲ್ಲಿಲ್ಲದ ಒಬ್ಬರ ಬಳಿ ಇತ್ತು. ಜ್ಞಾನವನ್ನು ಅಲ್ಲಾಹನು ಒಬ್ಬರಲ್ಲೇ ತುಂಬಿಟ್ಟಿಲ್ಲ, ಹಂಚಿಟ್ಟಿದ್ದಾನೆ. ಸೂರಃ ಅಶ್ಶೂರಾದ 38ನೇ ವಚನವು ಪರಸ್ಪರ ಸಮಾಲೋಚನೆಯನ್ನು ಸತ್ಯವಿಶ್ವಾಸಿಗಳ ಲಕ್ಷಣವಾಗಿ ಹೇಳಿರುವುದರ ಮರ್ಮವೂ ಇದೇ ಇರಬಹುದು.

ಆ ಪ್ಲೇಗ್ ಇತಿಹಾಸದಲ್ಲಿ ಅಮ್‌ವಾಸ್ ಪ್ಲೇಗ್ ಎಂದು ಹೆಸರಾಗಿದೆ. ಅಮ್‌ವಾಸ್ ಫೆಲೆಸ್ತೀನಿನ ಒಂದು ಊರು. ಅಬೂ ಉಬೈದಃ(ರ) ಅದರಲ್ಲೇ ತೀರಿಕೊಂಡರು, ಅವರ ನಂತರ ಮುಆದ್ ಬಿನ್ ಜಬಲ್(ರ) ಕೂಡಾ. ಬಳಿಕ ಹೊಣೆ ಹೊತ್ತ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳಲ್ಲಿ ಚದುರಿ ನೆಲೆಸಲು ಹೇಳಿದರೆಂದೂ ನಂತರ ರೋಗ ಇಳಿಯಿತೆಂದೂ ಚರಿತ್ರೆಕಾರರು ದಾಖಲಿಸಿದ್ದಾರೆ. ನಾಡು ಬಿಡಲಿಲ್ಲ, ಆದರೆ ಗುಂಪಾಗಿಯೂ ಇರಲಿಲ್ಲ. ಪೇಟೆಯ ಇಕ್ಕಟ್ಟಿನಿಂದ ಮಲ್ಲೇಶ್ವರದ ಬಯಲಿಗೆ ಜನ ಬಂದುದನ್ನು ಓದುವಾಗ ನನಗೆ ಆ ಬೆಟ್ಟಗಳೇ ನೆನಪಾಗುತ್ತವೆ.

ಹಾಫಿಝ್ ಇಬ್ನ್ ಹಜರ್ ಅಸ್ಕಲಾನಿ(ರಹ್)ರ ಒಂದು ದಾಖಲೆಯನ್ನೂ ಇಲ್ಲಿ ಹೇಳಬೇಕು. ಬುಖಾರಿಯ ಸುಪ್ರಸಿದ್ಧ ವ್ಯಾಖ್ಯಾನಕಾರರಾದ ಅವರು ಪ್ಲೇಗಿನ ಬಗ್ಗೆಯೇ ಒಂದು ಗ್ರಂಥ ಬರೆದಿದ್ದಾರೆ. ಅವರ ಮೂವರು ಹೆಣ್ಣುಮಕ್ಕಳು ಪ್ಲೇಗಿನಲ್ಲೇ ತೀರಿಕೊಂಡಿದ್ದರು. ಹಿಜರಿ 833ರಲ್ಲಿ ಕೈರೋದಲ್ಲಿ ಜನರು ಮೂರು ದಿನ ಉಪವಾಸವಿದ್ದು ಮರುಭೂಮಿಗೆ ಹೋಗಿ ಗುಂಪಾಗಿ ಪ್ರಾರ್ಥಿಸಿದರು. ಅದಕ್ಕೆ ಮೊದಲು ದಿನಕ್ಕೆ ನಲ್ವತ್ತಕ್ಕಿಂತ ಕಡಿಮೆಯಿದ್ದ ಸಾವು ಆ ತಿಂಗಳು ಮುಗಿಯುವುದರೊಳಗೆ ಸಾವಿರ ಮುಟ್ಟಿತೆಂದು ಅವರು ಬರೆದಿದ್ದಾರೆ. ಪ್ರಾರ್ಥನೆಯನ್ನು ಅವರು ಅಲ್ಲಗಳೆಯಲಿಲ್ಲ. ಕಂಡುದನ್ನು ಎಣಿಸಿ, ಗುಂಪು ಸೇರುವ ಆ ಪದ್ಧತಿಗೆ ಆಧಾರವಿಲ್ಲವೆಂದರು. ಲೆಕ್ಕವಿಡುವುದು ಧರ್ಮವಿದ್ವಾಂಸನ ಕೆಲಸವೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. 2020ರಲ್ಲಿ ಕೋವಿಡ್ ಕಾಲದಲ್ಲಿ ಮಸೀದಿಗಳ ಬಾಗಿಲು ಮುಚ್ಚಿ ಮನೆಯಲ್ಲೇ ನಮಾಝ್ ಮಾಡಲು ಉಲಮಾಗಳು ಹೇಳಿದಾಗ ಹಲವರಿಗೆ ಅದು ಹೊಸದೆನಿಸಿತು. ಆ ಮಾತಿನ ಹಿಂದೆ ಇಂತಹ ಆರುನೂರು ವರ್ಷಗಳ ಹಳೆಯ ಅನುಭವವಿತ್ತು.

ಸಾಮೂಹಿಕ ಕಡ್ಡಾಯ

ನಮಾಝ್, ಉಪವಾಸಗಳು ಪ್ರತಿಯೊಬ್ಬನ ಮೇಲಿನ ಕಡ್ಡಾಯ, ಅಂದರೆ ಫರ್ಝ್ ಐನ್. ಸಮುದಾಯದಲ್ಲಿ ಸಾಕಷ್ಟು ಮಂದಿ ಮಾಡಿದರೆ ಎಲ್ಲರ ಹೊಣೆ ಇಳಿಯುವ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳಾಗುವ ಕರ್ತವ್ಯ ಫರ್ಝ್ ಕಿಫಾಯ. ನಾವು ಇದರ ಉದಾಹರಣೆಯಾಗಿ ಮಯ್ಯಿತ್ ನಮಾಝನ್ನು ಮಾತ್ರ ಕೇಳಿ ಬೆಳೆದಿದ್ದೇವೆ. ಸತ್ತವನಿಗಾಗಿ ನಿಲ್ಲುವುದು ಸಾಮೂಹಿಕ ಕಡ್ಡಾಯವಾದರೆ ಅವನು ಸಾಯದಂತೆ ನೋಡಿಕೊಳ್ಳುವುದು?

ಇಮಾಮ್ ಗಝ್ಝಾಲಿ(ರಹ್) ಇಹ್ಯಾ ಉಲೂಮಿದ್ದೀನ್‌ನ ಜ್ಞಾನದ ಅಧ್ಯಾಯದಲ್ಲಿ ವೈದ್ಯಶಾಸ್ತ್ರವನ್ನೂ ಗಣಿತವನ್ನೂ ಫರ್ಝ್ ಕಿಫಾಯದಲ್ಲಿ ಸೇರಿಸಿದ್ದಾರೆ. ಅಷ್ಟೇ ಅಲ್ಲ, ಬೇಸಾಯ, ನೇಯ್ಗೆ, ಹೊಲಿಗೆಯನ್ನೂ ಸೇರಿಸಿದ್ದಾರೆ. ತಮ್ಮ ಕಾಲದವರ ಬಗ್ಗೆ ಅವರಿಗೆ ಅಸಮಾಧಾನವೂ ಇತ್ತು. ಎಷ್ಟೋ ಪಟ್ಟಣಗಳಲ್ಲಿ ಒಬ್ಬ ಮುಸ್ಲಿಮ್ ವೈದ್ಯನಿಲ್ಲ, ಆದರೂ ಎಲ್ಲರೂ ಫಿಕ್‌ಹ್‌ನ ವಾದವಿವಾದಗಳಿಗೇ ಮುಗಿಬೀಳುತ್ತಾರೆ ಎಂಬುದು ಅವರ ದೂರು. ಒಂಬತ್ತು ಶತಮಾನ ದಾಟಿದ ಆ ದೂರನ್ನು ಓದಿದಾಗ ನಮ್ಮದೇ ಊರಿನ ಮಾತೆನಿಸಿದರೆ ಆಶ್ಚರ್ಯವಿಲ್ಲ.

ಪ್ರವಾದಿ(ಸ)ರವರು ರೋಗಿಗೆ ದುಆ ಮಾಡಿದರು, ಜೊತೆಗೆ ವೈದ್ಯನ ಬಳಿಗೂ ಕಳುಹಿಸಿದರು. ಹ. ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಎದೆನೋವು ಬಂದಾಗ ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಃ ಎಂಬ ವೈದ್ಯನನ್ನು ಕಾಣಲು ಹೇಳಿದರೆಂದು ಅಬೂದಾವೂದ್‌ನಲ್ಲಿದೆ. ಆತ ಮುಸ್ಲಿಮನಾಗಿದ್ದ ಎಂಬುದು ದೃಢಪಟ್ಟಿಲ್ಲವೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಜ್ಞಾನವಿದ್ದವನ ಬಾಗಿಲು ಬಡಿಯಲು ಅದು ಅಡ್ಡಿಯಾಗಲಿಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹ. ಸಅದ್ ಬಿನ್ ಮುಆದ್(ರ)ರ ಶುಶ್ರೂಷೆ ನಡೆದದ್ದು ರುಫೈದಃ ಎಂಬ ಸ್ತ್ರೀಯ ಆರೈಕೆಯಲ್ಲಿ, ಮಸೀದಿಯ ಬಳಿಯೇ. ಮಸೀದಿಯ ಅಂಗಳದಲ್ಲಿ ರಕ್ತದೊತ್ತಡ ನೋಡಿದರೆ ಹುಬ್ಬೇರಿಸುವವರು ಇದನ್ನು ಆಲೋಚಿಸಲಿ.

ವೈದ್ಯನ ಜೊತೆ ನಡೆದ ಪಾದ್ರಿ

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಹಬ್ಬಿತು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂದು ತಜ್ಞರೆಲ್ಲ ನಂಬಿದ್ದ ಕಾಲ. ಜಾನ್ ಸ್ನೋ ಎಂಬ ವೈದ್ಯ, ಇದು ನೀರಿನಿಂದ ಬರುವ ರೋಗ, ಆ ಬೀದಿಯ ಪಂಪಿನ ನೀರೇ ಕಾರಣ ಎಂದ. ಅದರ ಹಿಡಿಕೆಯನ್ನು ಬಿಚ್ಚಿಸಿದ. ಈ ಕಥೆ ಶಾಲಾ ಪುಸ್ತಕಗಳಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಹೆಸರು ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿಯದು.

ವೈಟ್‌ಹೆಡ್ ಆ ಕೇರಿಯ ಚರ್ಚಿನಲ್ಲಿದ್ದರು. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲೆಂದೇ ಅವರು ಹೊರಟರು. ಮನೆಮನೆಗೆ ಹೋಗಿ ಯಾರು ಸತ್ತರು, ಯಾರು ಬದುಕಿದರು, ಯಾರು ಯಾವ ನೀರು ಕುಡಿದರು ಎಂದು ವಿಚಾರಿಸಿದರು. ವೈದ್ಯನಿಗೆ ಬಾಗಿಲು ತೆರೆಯದವರೂ ಪಾದ್ರಿಗೆ ತೆರೆದರು. ವಿಚಾರಿಸುತ್ತಾ ಹೋದಂತೆ ಅವರಿಗೆ ಸ್ನೋ ಸರಿಯೆಂದು ಮನದಟ್ಟಾಯಿತು. ಎಲ್ಲರಿಗಿಂತ ಮೊದಲು ಕಾಯಿಲೆ ಬಿದ್ದಿದ್ದ ಕೂಸನ್ನೂ ಅವರೇ ಪತ್ತೆ ಹಚ್ಚಿದರು. ಅದರ ಬಟ್ಟೆ ಒಗೆದ ನೀರು ಹೋಗುತ್ತಿದ್ದ ಗುಂಡಿ ಪಂಪಿನ ಬಾವಿಗೆ ಕೆಲವೇ ಅಡಿ ದೂರದಲ್ಲಿತ್ತು. ವೈದ್ಯನ ತರ್ಕ, ಪಾದ್ರಿಯ ಪರಿಚಯ, ಜನನ ಮರಣ ಕಚೇರಿಯ ವಿಲಿಯಂ ಫಾರ್‌ನ ಅಂಕಿಅಂಶ, ಇವು ಮೂರೂ ಸೇರಿದಾಗ ಸತ್ಯ ಹೊರಬಂತು. ನಮ್ಮ ಮಸೀದಿಯ ಇಮಾಮರಿಗೆ ಮೊಹಲ್ಲಾದ ಪ್ರತಿ ಮನೆಯೂ ಗೊತ್ತು. ಯಾರ ಮನೆಯಲ್ಲಿ ಯಾರು ಎಷ್ಟು ದಿನದಿಂದ ಜಮಾಅತ್‌ಗೆ ಬಂದಿಲ್ಲ ಎಂಬುದೂ ಗೊತ್ತು. ಈ ತಿಳುವಳಿಕೆಯನ್ನು ಆರೋಗ್ಯ ಇಲಾಖೆ ಯಾವ ಹಣ ಕೊಟ್ಟೂ ಕೊಳ್ಳಲಾರದು.

ತುಮಕೂರಿನ ಹಳ್ಳಿಗಳು ಹೇಳಿದ್ದು

ಲಂಡನ್ ದೂರವಾಯಿತು. ಸಂಪಿಗೆ ರಸ್ತೆಯಿಂದ ಹೆಚ್ಚು ದೂರವಿಲ್ಲದ ಬಳ್ಳಾರಿ ರಸ್ತೆಗೆ ಬರೋಣ. ಅಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಈ ಸಂಸ್ಥೆಯ ವಿಶೇಷವೆಂದರೆ ಅಲ್ಲಿ ವೈದ್ಯರು ಮಾತ್ರ ಇರಲಿಲ್ಲ. ರೋಗಾಣು ತಜ್ಞರು, ಸಂಖ್ಯಾಶಾಸ್ತ್ರಜ್ಞರು, ಎಕ್ಸ್‌ರೇ ತಂತ್ರಜ್ಞರು, ದಾದಿಯರ ಜೊತೆ ಸಮಾಜಶಾಸ್ತ್ರದ ವಿಭಾಗವೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಲ್ಲಿ ಕೆಲಸ ಮಾಡಿದ ಹಾಫ್‌ಡಾನ್ ಮಾಹ್ಲರ್ ಮುಂದೆ 1973ರಲ್ಲಿ ಆ ವಿಶ್ವಸಂಸ್ಥೆಗೇ ಮಹಾನಿರ್ದೇಶಕರಾದರು.

ಆ ಕಾಲದಲ್ಲಿ ಬಲ್ಲವರೆಲ್ಲ ಹೇಳುತ್ತಿದ್ದ ಮಾತು ಒಂದೇ: ಹಳ್ಳಿಯ ಜನರಿಗೆ ತಿಳುವಳಿಕೆಯಿಲ್ಲ, ಕೆಮ್ಮಿ ರಕ್ತ ಕಾರಿದರೂ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ವಾಹನದಲ್ಲಿ ಎಕ್ಸ್‌ರೇ ಯಂತ್ರ ಹೊತ್ತು ಹುಡುಕಿಕೊಂಡು ಹೋಗಬೇಕು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನೇ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯೇ ಕಥೆ ಹೇಳಿತು. ಬಹುಪಾಲು ರೋಗಿಗಳಿಗೆ ತಮಗೇನೋ ಆಗಿದೆಯೆಂದು ತಿಳಿದಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೋ ವೈದ್ಯರ ಬಳಿಗೋ ಹೋಗಿಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ ಒಂದು ಬಾಟಲಿ ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದ್ದರು!

ತಪ್ಪು ಹಳ್ಳಿಯವನದಲ್ಲ, ವ್ಯವಸ್ಥೆಯದು. ಇದನ್ನು ಸೂಕ್ಷ್ಮದರ್ಶಕ ತೋರಿಸಲಿಲ್ಲ, ರೋಗಿಯ ಪಕ್ಕದಲ್ಲಿ ಕುಳಿತು ಕೇಳಿದ ಪ್ರಶ್ನೆ ತೋರಿಸಿತು. ಈ ಸಂಸ್ಥೆಯ ಅಧ್ಯಯನಗಳ ಬಲದ ಮೇಲೆಯೇ, ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷಿಸಿ ಮನೆಯಲ್ಲೇ ಇದ್ದು ಔಷಧ ಸೇವಿಸುವ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕೆಂಬ ಇಂದಿನ ನಿಯಮವೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಔಷಧವೂ ಆ ದಾರಿಯಲ್ಲೇ ಬಂದವು.

ಆದರೆ ನಮ್ಮ ಮನೆಗಳಲ್ಲಿ ಇಂದಿಗೂ ಈ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮದುವೆಗೆ ಬಂದ ಮಗಳಿಗೆ ಕ್ಷಯವೆಂದು ತಿಳಿದರೆ ಸಂಬಂಧ ತಪ್ಪೀತೆಂಬ ಭಯ. ಎರಡು ತಿಂಗಳಲ್ಲಿ ಕೆಮ್ಮು ನಿಂತ ಕೂಡಲೇ ಮಾತ್ರೆಯೂ ನಿಲ್ಲುತ್ತದೆ. ಆರು ತಿಂಗಳ ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರೋಗವು ಔಷಧಕ್ಕೇ ಬಗ್ಗದ ರೂಪ ತಾಳಬಹುದು, ಮನೆಯ ಮಕ್ಕಳಿಗೂ ಹರಡಬಹುದು. ಇದನ್ನು ವೈದ್ಯರು ಎಷ್ಟು ಹೇಳಿದರೂ ಸಾಲದು. ಗುಣವಾದ ಹುಡುಗಿಗೆ ಸಂಬಂಧ ಹುಡುಕಲು ಜಮಾಅತ್‌ನ ಹಿರಿಯರೇ ಮುಂದೆ ನಿಂತರೆ ಆ ಮಾತ್ರೆ ಆರು ತಿಂಗಳೂ ಹೊಟ್ಟೆ ಸೇರುತ್ತದೆ.

ರಮಝಾನ್ ಮತ್ತು ಸಕ್ಕರೆ ಕಾಯಿಲೆ

ಹಲವು ಜ್ಞಾನಗಳು ಒಂದಾಗದಿದ್ದರೆ ಆಗುವ ಹಾನಿಯನ್ನು ಪ್ರತಿ ವರ್ಷ ನಮ್ಮದೇ ಮನೆಯಲ್ಲಿ ಕಾಣಬಹುದು. ಸಕ್ಕರೆ ಕಾಯಿಲೆಯ ತಾಯಿಗೆ ಉಪವಾಸ ಬೇಡವೆಂದು ವೈದ್ಯರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಜೀವಮಾನವಿಡೀ ಬಿಡದ ಉಪವಾಸವನ್ನು ಬಿಡಲು ತಾಯಿಗೆ ಮನಸ್ಸಿಲ್ಲ. ಅವರು ವೈದ್ಯರಿಗೆ ಹೇಳದೆ ಉಪವಾಸ ಹಿಡಿಯುತ್ತಾರೆ, ಮಾತ್ರೆಯನ್ನು ತಮಗೆ ತೋಚಿದ ಹೊತ್ತಿಗೆ ನುಂಗುತ್ತಾರೆ, ಇಲ್ಲವೇ ತಿಂಗಳಿಡೀ ಬಿಟ್ಟುಬಿಡುತ್ತಾರೆ. ಇಮಾಮರನ್ನು ಕೇಳಿದರೆ ವೈದ್ಯರನ್ನು ಕೇಳಿ ಎನ್ನುತ್ತಾರೆ. ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಆದರೆ ಇಬ್ಬರೂ ಒಟ್ಟಿಗೆ ಕುಳಿತಿಲ್ಲ.

2001ರಲ್ಲಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಸಕ್ಕರೆ ರೋಗಿಗಳನ್ನು ಕುರಿತು ಒಂದು ದೊಡ್ಡ ಅಧ್ಯಯನ ನಡೆಯಿತು. ಟೈಪ್-2 ರೋಗಿಗಳಲ್ಲಿ ಸುಮಾರು ನೂರಕ್ಕೆ 79 ಮಂದಿ ಕನಿಷ್ಠ ಹದಿನೈದು ದಿನ ಉಪವಾಸ ಆಚರಿಸಿದ್ದರು. ಇವರಲ್ಲಿ ಸಕ್ಕರೆ ಅಪಾಯಕರವಾಗಿ ಇಳಿದ ಪ್ರಕರಣಗಳು ರಮಝಾನ್‌ನಲ್ಲಿ ಇತರ ತಿಂಗಳುಗಳಿಗಿಂತ ಸುಮಾರು ಏಳೂವರೆ ಪಟ್ಟು ಹೆಚ್ಚಿದ್ದವು. ಉಪವಾಸ ಬೇಡವೆಂಬ ಬರೀ ಮಾತಿಗೆ ಜನ ಕಿವಿಗೊಡುವುದಿಲ್ಲವೆಂದು ಇದರಿಂದ ಸ್ಪಷ್ಟವಾಯಿತು. ಆದ್ದರಿಂದ 2016ರಲ್ಲಿ ಅಂತಾರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟವು ರಮಝಾನ್‌ಗಾಗಿಯೇ ಮಾರ್ಗದರ್ಶಿ ಸೂತ್ರಗಳನ್ನು ಹೊರತಂದಾಗ ತಜ್ಞವೈದ್ಯರು ಈಜಿಪ್ಟಿನ ಮುಫ್ತಿಯವರ ಸಮ್ಮತಿಯನ್ನೂ ಪಡೆದರು. ಯಾರು ಉಪವಾಸ ಹಿಡಿಯಲೇಬಾರದು, ಯಾರು ಎಚ್ಚರದಿಂದ ಹಿಡಿಯಬಹುದು ಎಂಬ ವಿಂಗಡಣೆ ಅದರಲ್ಲಿದೆ. ಇನ್ಸುಲಿನ್ ತೆಗೆದುಕೊಳ್ಳುವ, ಮೂತ್ರಪಿಂಡ ಹಾಳಾದ, ಹಿಂದೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಿದ್ದ ರೋಗಿಗಳಿಗೂ ಮಾತ್ರೆಯಿಂದಲೇ ಹತೋಟಿಯಲ್ಲಿರುವ ರೋಗಿಗೂ ಒಂದೇ ಉತ್ತರವಲ್ಲ.

ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲ. ಚರ್ಮದಡಿ ಕೊಡುವ ಇನ್ಸುಲಿನ್‌ನಿಂದಲೂ ಮುರಿಯುವುದಿಲ್ಲ ಎಂಬುದು ಸಮಕಾಲೀನ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಆದರೆ ಯಾವ ಹೊತ್ತಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ 300 ಮೀರಿದರೆ, ಇಫ್ತಾರ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಉಪವಾಸ ಬಿಡಬೇಕು. ಮೈ ನಡುಗುವುದು, ಬೆವರು, ಕಣ್ಣು ಮಂಜಾಗುವುದು ಸಕ್ಕರೆ ಇಳಿದುದರ ಸೂಚನೆ. ಇಲ್ಲಿ ಹಠ ಹಿಡಿಯುವುದರಲ್ಲಿ ಪುಣ್ಯವಿಲ್ಲ. ಸೂರಃ ಅಲ್ ಬಕರಃದ 184 ಮತ್ತು 185ನೇ ವಚನಗಳಲ್ಲಿ ರೋಗಿಗೆ ರಿಯಾಯಿತಿ ಕೊಟ್ಟವನು, ನಮಗೆ ಕಷ್ಟವನ್ನಲ್ಲ, ಸೌಕರ್ಯವನ್ನು ಬಯಸುವ ಅಲ್ಲಾಹನೇ. ಈ ರಿಯಾಯಿತಿಯನ್ನು ಇಮಾಮರ ಬಾಯಿಂದ ಕೇಳಿದರೆ ತಾಯಿಯ ಮನಸ್ಸಿನ ಅಳುಕು ಕರಗುತ್ತದೆ. ಅಡುಗೆ ಮನೆಯ ಸೊಸೆಗೂ ಇದರಲ್ಲಿ ಪಾತ್ರವಿದೆ. ಇಫ್ತಾರ್‌ನ ತಟ್ಟೆಯಲ್ಲಿ ಸಮೋಸ, ಶರಬತ್ತು ತುಂಬಿದ ಬಳಿಕ ವೈದ್ಯರ ಚೀಟಿ ಏನು ಮಾಡೀತು?

ಯಾರನ್ನು ಕರೆಯಬೇಕು?

2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಬೆಂಗಳೂರಿನ ಹಲವು ಸೇವಾ ಸಂಘಟನೆಗಳು ಮರ್ಸಿ ಮಿಷನ್ ಎಂಬ ಹೆಸರಿನಲ್ಲಿ ಒಂದಾದವು. ಆಹಾರದ ಕಿಟ್, ಆಮ್ಲಜನಕ, ಅಂತ್ಯಸಂಸ್ಕಾರ, ಹೀಗೆ ಒಬ್ಬೊಬ್ಬರು ಒಂದೊಂದು ಕೆಲಸ ಹೊತ್ತರು. ಜಾತಿ ಧರ್ಮ ನೋಡದೆ ಶವಗಳನ್ನು ಹೊತ್ತವರಲ್ಲಿ ನಮ್ಮ ಯುವಕರಿದ್ದರು. ಮಹಾಮಾರಿ ಬಂದಾಗ ಒಂದಾಗುವುದು ನಮಗೆ ಬರುತ್ತದೆ. ಬರದ ಕಾಲದಲ್ಲಿ ಒಂದಾಗುವುದೇ ಕಷ್ಟ. ಸೂರಃ ಅಲ್ ಮಾಇದಃದ 2ನೇ ವಚನ ಪುಣ್ಯಕಾರ್ಯದಲ್ಲಿ ಪರಸ್ಪರ ಸಹಕರಿಸಲು ಆಜ್ಞಾಪಿಸುವಾಗ ಅದಕ್ಕೆ ಕಾಲದ ಮಿತಿ ಹಾಕಿಲ್ಲ.

ಪ್ರತಿ ಮಸೀದಿಯಲ್ಲಿ ಆಸ್ಪತ್ರೆ ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಅಸರ್ ನಮಾಝಿನ ನಂತರ ಒಂದು ತಾಸು ಕುಳಿತರೆ ಸಾಕು. ವೈದ್ಯರೊಬ್ಬರು ಬರಲಿ, ಯಾವ ಧರ್ಮದವರಾದರೂ ಸರಿ. ಆಶಾ ಕಾರ್ಯಕರ್ತೆ ಬರಲಿ. ಯಾವ ಮನೆಯ ಮಗುವಿಗೆ ಲಸಿಕೆ ತಪ್ಪಿದೆಯೆಂದು ಆಕೆಗೆ ತಿಳಿದಿದೆ. ಕೇರಿಯಲ್ಲಿ ವಾಂತಿಭೇದಿ ಕಂಡರೆ ವೈದ್ಯರು ರೋಗಿಗೆ ಔಷಧ ಕೊಡಬಲ್ಲರು. ಕೊಳಚೆ ನೀರು ಕುಡಿಯುವ ನೀರಿನ ಕೊಳವೆಗೆ ಎಲ್ಲಿ ಸೇರುತ್ತಿದೆ ಎಂಬುದನ್ನು ಜಲಮಂಡಳಿಯ ಇಂಜಿನಿಯರೇ ಕಂಡುಹಿಡಿಯಬೇಕು. ಅವರಿಗೆ ಅರ್ಜಿ ಬರೆಯಲು ಬಲ್ಲ ಶಾಲಾ ಮಾಸ್ತರರೂ ಬೇಕು. ಹೆಂಗಸರಿಗೆ ಪ್ರತ್ಯೇಕ ಜಾಗವಿರಲಿ, ಆದರೆ ಅವರ ಮಾತು ಸಭೆಗೆ ತಲುಪಲಿ. ಪ್ಲೇಗಿನ ಕಾಲದಲ್ಲಿ ಇಲಿಯನ್ನು ಮೊದಲು ಕಂಡವರು ಅವರೇ.

ಇನ್ನೊಬ್ಬರನ್ನು ಮರೆಯಬಾರದು. ಸಂಪಿಗೆ ರಸ್ತೆಯ ಮನೆಗಳ ಹಿಂದಿನ ಓಣಿಯನ್ನು ಇಂಜಿನಿಯರರು ಗೆರೆ ಎಳೆದು ಬಿಡಿಸಿದರು, ಹೌದು. ಆದರೆ ದಿನವೂ ಆ ಓಣಿಯಲ್ಲಿ ನಡೆದು ಮನೆಗಳ ಮಲವನ್ನು ಕೈಯಿಂದ ಎತ್ತಿ ಹೊತ್ತವರು ಬೇರೆ. ಊರಿನ ಆರೋಗ್ಯ ನಿಂತದ್ದು ಅವರ ತಲೆಯ ಮೇಲೆ. ಯಾವ ಸಭೆಯಲ್ಲೂ ಅವರಿಗೆ ಕುರ್ಚಿಯಿರಲಿಲ್ಲ. ಆ ಅಮಾನುಷ ಪದ್ಧತಿಯನ್ನು ನಿಷೇಧಿಸಲು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಪ್ರವಾದಿ(ಸ)ರ ಮಸೀದಿಯನ್ನು ಗುಡಿಸುತ್ತಿದ್ದ ಸ್ತ್ರೀಯೊಬ್ಬಳು ತೀರಿಕೊಂಡಾಗ ಸಹಾಬಿಗಳು ಅದನ್ನು ಸಣ್ಣ ವಿಷಯವೆಂದೆಣಿಸಿ ಪ್ರವಾದಿವರ್ಯ(ಸ)ರಿಗೆ ತಿಳಿಸಲಿಲ್ಲ. ಆಕೆ ಕಾಣದಿದ್ದುದನ್ನು ಗಮನಿಸಿದ ಪ್ರವಾದಿ(ಸ) ವಿಚಾರಿಸಿದರು, ತಮಗೇಕೆ ತಿಳಿಸಲಿಲ್ಲವೆಂದು ಕೇಳಿದರು, ಗೋರಿ ಎಲ್ಲಿದೆಯೆಂದು ತಿಳಿದುಕೊಂಡು ಅಲ್ಲಿಗೆ ಹೋಗಿ ಆಕೆಗಾಗಿ ಪ್ರಾರ್ಥಿಸಿದರು. ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಯಾವ ಚರಂಡಿ ಎಲ್ಲಿ ಕಟ್ಟುತ್ತದೆ, ಯಾವ ಮೂಲೆಯಲ್ಲಿ ಸೊಳ್ಳೆ ಮುತ್ತುತ್ತದೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರನ್ನೂ ಕರೆಯಿರಿ. ನಿಮ್ಮ ಸಾಲಿನಲ್ಲೇ ಕೂರಿಸಿ, ನಿಮ್ಮ ಲೋಟದಲ್ಲೇ ಚಹಾ ಕೊಡಿ.

ಮೊದಲ ಸಭೆಯನ್ನು ಶಅಬಾನ್ ತಿಂಗಳು ಹತ್ತಿರವಾಗುವಾಗಲೇ ಕರೆದರೆ ಅನುಕೂಲ. ಸಕ್ಕರೆ ಕಾಯಿಲೆಯವರು ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ತಪಾಸಣೆ ಮಾಡಿಸಿ ಔಷಧದ ಹೊತ್ತನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.